ಆಪ್ತಸಲಹೆ ಪ್ರಕರಣ: ಬಿಚ್ಚದ ಪೆಟ್ಟಿಗೆಗಳು

(ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ.)

ಐವತ್ತು ದಾಟಿದ ಕ್ರೈಸ್ತ ಮಹಿಳೆ. ಗಂಡ ತೀರಿಕೊಂಡ ಮೇಲೆ ಅವರ ವ್ಯಾಪಾರದ ಸಾಲ ಹೊರಗೆ ಬಂತು. ಊರಿನ ಮನೆ ಮಾರಬೇಕಾಯಿತು. ಈಗ ಬೆಂಗಳೂರಿನಲ್ಲಿ ಮಗಳ ಬಾಡಿಗೆ ಮನೆಯಲ್ಲಿದ್ದಾರೆ. ಬಂದು ಎರಡು ವರ್ಷವಾದರೂ ಊರಿನಿಂದ ತಂದ ಪೆಟ್ಟಿಗೆಗಳನ್ನು ಬಿಚ್ಚಿಲ್ಲ.

"ಇಲ್ಲಿ ಬಿಚ್ಚಿಟ್ರೆ ದೇವರು ಊರಿಗೆ ವಾಪಸ್ ಕಳಿಸ್ತಾನೆ ಅನ್ನೋ ನಂಬಿಕೆ ನನಗಿಲ್ಲ ಅಂತಾಗಲ್ವಾ ಮೇಡಂ?" ಎಂದು ಕೇಳಿದರು.

ಹೊಸ ವರ್ಷದ ಆರಾಧನೆಯಲ್ಲಿ ಅವರಿಗೆ ಸಿಕ್ಕ ವಾಗ್ದಾನದ ವಚನ ಸತ್ಯವೇದದ (ಬೈಬಲಿನ) ಯೋವೇಲನ ಪುಸ್ತಕದ್ದು: ಮಿಡತೆ ತಿಂದ ವರ್ಷಗಳನ್ನು ದೇವರು ಮತ್ತೆ ತುಂಬಿಕೊಡುತ್ತಾನೆ. ಪ್ರಾರ್ಥನೆಗೆ ಬಂದ ಒಬ್ಬರು ಇನ್ನೂ ಮುಂದೆ ಹೋಗಿ, "ಈ ವರ್ಷದೊಳಗೆ ಎರಡು ಪಟ್ಟು ವಾಪಸ್ ಬರುತ್ತೆ" ಎಂದು ಹೇಳಿಹೋಗಿದ್ದರು. ಆ ವರ್ಷ ಮುಗಿದಿತ್ತು. ತನ್ನಲ್ಲೇ ಏನೋ ಪಾಪವಿದೆ ಎಂದು ಅವರು ರಾತ್ರಿಯೆಲ್ಲ ಹುಡುಕುತ್ತಿದ್ದರು. ನಿದ್ದೆಯಿಲ್ಲ, ಊಟ ಸೇರುತ್ತಿಲ್ಲ.

ಮೊದಲು ಮನೋವೈದ್ಯರ ಹತ್ತಿರ ಕಳಿಸಿದೆ. ನಿದ್ದೆಗೆ ಔಷಧಿ ತೆಗೆದುಕೊಳ್ಳುವುದು ಅಪನಂಬಿಕೆಯಲ್ಲ ಎಂದು ಸ್ಪಷ್ಟವಾಗಿ ಹೇಳಿದೆ.

ಆಮೇಲೆ ಅವರದ್ದೇ ಸತ್ಯವೇದ ತೆಗೆಸಿ ಯೆರೆಮೀಯನ 28 ಮತ್ತು 29ನೇ ಅಧ್ಯಾಯ ಒಟ್ಟಿಗೆ ಓದಿದೆವು. ದೇವರ ಯೋಚನೆ ಹಿತದ್ದೇ ಎನ್ನುವ 29:11 ಅವರಿಗೆ ಬಾಯಿಪಾಠ. ಕ್ಯಾಲೆಂಡರ್‌ನಲ್ಲಿ ಅದೊಂದೇ ಸಾಲು ಇರುತ್ತದೆ. ಆದರೆ ತಿರುಗಿ ಬರುವುದು ಎಪ್ಪತ್ತು ವರ್ಷದ ಮೇಲೆ ಎಂದು ಅದರ ಹಿಂದಿನ ವಚನದಲ್ಲೇ ಇದೆ. ಅದು ಯೆರೂಸಲೇಮಿನಿಂದ ಬಾಬೆಲಿಗೆ ಸೆರೆಹೋದವರಿಗೆ ಪ್ರವಾದಿ ಯೆರೆಮೀಯ ಬರೆದ ಪತ್ರ. ಎರಡೇ ವರ್ಷದಲ್ಲಿ ಎಲ್ಲ ವಾಪಸ್ ಎಂದು ಹೇಳಿದವನು ಹನನ್ಯ ಎಂಬ ಇನ್ನೊಬ್ಬ ಪ್ರವಾದಿ. ಅವನು ಜನರನ್ನು ಸುಳ್ಳು ನಂಬಿಸಿದ ಎಂದು ಯೆರೆಮೀಯ ಮುಖಕ್ಕೇ ಹೇಳುತ್ತಾನೆ. ಪತ್ರದಲ್ಲಿ ಬರುವ ಮಾತೇ ಬೇರೆ: ಮನೆ ಕಟ್ಟಿಕೊಂಡು ವಾಸಿಸಿರಿ, ತೋಟ ಮಾಡಿ ಅದರ ಫಲ ತಿನ್ನಿರಿ, ಮಕ್ಕಳಿಗೆ ಮದುವೆ ಮಾಡಿರಿ, ಆ ಪಟ್ಟಣಕ್ಕಾಗಿ ಪ್ರಾರ್ಥಿಸಿರಿ.

ಇದನ್ನು ಓದಿ ಅವರು ಬಹಳ ಹೊತ್ತು ಮಾತಾಡಲಿಲ್ಲ. "ಹಾಗಾದ್ರೆ ಬಿಚ್ಚಬಹುದಾ?" ಎಂದರು.

ಬಿಚ್ಚಬಹುದು ಎಂದೆ. ತಿರುಗಿ ಬರುವ ಮಾತು ಕೊಟ್ಟ ದೇವರೇ ಅಲ್ಲಿ ಬೇರು ಬಿಡಿ ಎಂದೂ ಹೇಳಿದ. ಈ ಎರಡನ್ನೂ ಒಟ್ಟಿಗೆ ಹಿಡಿದುಕೊಳ್ಳುವುದೇ ನಂಬಿಕೆ ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ. ದಿನಾಂಕ ಹೇಳಿ ದುಃಖದಲ್ಲಿರುವವರನ್ನು ಕಾಯಿಸುವುದು ಕ್ರೂರ.

ಮನೆಯಲ್ಲಿ ಅವರು ಅತ್ತರೆ ಮಗಳು "ಅಳಬೇಡ ಅಮ್ಮ, ದೇವರು ನೋಡ್ಕೊಳ್ತಾನೆ" ಎಂದು ತಕ್ಷಣ ತಡೆಯುತ್ತಿದ್ದಳು. ಪ್ರೀತಿಯಿಂದಲೇ. ಅವಳಿಗೆ ಎಜ್ರನ 3ನೇ ಅಧ್ಯಾಯ ಓದಲು ಕೊಟ್ಟೆ. ಕ್ರಿ.ಪೂ. 586ರಲ್ಲಿ ಯೆರೂಸಲೇಮಿನ ದೇವಾಲಯ ಸುಟ್ಟುಹೋಯಿತು. ಪರ್ಷಿಯದ ರಾಜ ಕೋರೆಷ ಬಿಟ್ಟುಕಳಿಸಿದ ಮೇಲೆ ತಿರುಗಿ ಬಂದವರು ಹೊಸದಕ್ಕೆ ಅಸ್ತಿವಾರ ಹಾಕಿದರು. ಹಳೆಯದನ್ನು ಕಂಡಿದ್ದ ಮುದುಕರು ಗಟ್ಟಿಯಾಗಿ ಅತ್ತರು, ಉಳಿದವರು ಸಂತೋಷದಿಂದ ಆರ್ಭಟಿಸಿದರು. ಯಾವುದು ಅಳು, ಯಾವುದು ಹರ್ಷ ಎಂದು ಗುರುತಿಸಲಾಗದಷ್ಟು ಗದ್ದಲ. ಅಳುವವರನ್ನು ಯಾರೂ ಗದರಿಸಿದ್ದು ಅಲ್ಲಿ ಬರೆದಿಲ್ಲ.

ಎಲ್ಲ ಕಳೆದುಕೊಂಡ ಯೋಬನಿಗೆ ದೇವರು ಎರಡು ಪಟ್ಟು ಕೊಟ್ಟ ಮಾತೂ ಬಂತು. ಕುರಿ ಏಳು ಸಾವಿರ ಇದ್ದದ್ದು ಹದಿನಾಲ್ಕು ಸಾವಿರವಾಯಿತು, ನಿಜ. ಆದರೆ ಸತ್ತ ಹತ್ತು ಮಕ್ಕಳು ಎದ್ದು ಬರಲಿಲ್ಲ. ಬೇರೆ ಹತ್ತು ಮಕ್ಕಳು ಹುಟ್ಟಿದರು. ಗಂಡನ ಜಾಗಕ್ಕೆ ಯಾವುದೂ ಸಮವಾಗದು ಎಂದು ಒಪ್ಪಿಕೊಳ್ಳುವುದು ದೇವರ ಮೇಲಿನ ದೂರಲ್ಲ.

ಕೊಟ್ಟ ಸಲಹೆ ಇಷ್ಟು. ವಾರಕ್ಕೊಂದು ಪೆಟ್ಟಿಗೆ, ಅಡುಗೆಮನೆಯದ್ದು ಮೊದಲು. ಗಂಡನ ವಸ್ತುಗಳ ಪೆಟ್ಟಿಗೆ ಕೊನೆಗೆ, ಮಗಳು ಪಕ್ಕದಲ್ಲಿದ್ದಾಗ. ಬಾಲ್ಕನಿಯಲ್ಲಿ ಒಂದು ಕರಿಬೇವಿನ ಗಿಡ. ಹತ್ತಿರದ ಕನ್ನಡ ಸಭೆಯ ಸ್ತ್ರೀಯರ ಕೂಟಕ್ಕೆ ಹೋಗುವುದು, ಅತಿಥಿಯಾಗಿ ಅಲ್ಲ, ಕೆಲಸ ವಹಿಸಿಕೊಂಡು. ಉಳಿದ ಹಣವನ್ನು ಹರಕೆಯೆಂದು ಯಾರಿಗೂ ಕೊಡಬಾರದು, ಬ್ಯಾಂಕಿನಲ್ಲೇ ಇರಲಿ. ದಿನಾಂಕ ಹೇಳುವವರ ಫೋನು ಬಂದರೆ ಮಗಳು ತೆಗೆಯಲಿ.

ಅಡುಗೆಮನೆಯ ಪೆಟ್ಟಿಗೆಗಳು ಖಾಲಿಯಾಗಿವೆ. ನಿದ್ದೆ ಸ್ವಲ್ಪ ಸುಧಾರಿಸಿದೆ. ಊರಿಗೆ ವಾಪಸ್ ಹೋಗುವ ಆಸೆ ಹಾಗೇ ಇದೆ, ಅದನ್ನು ಬಿಡಿ ಎಂದು ನಾನು ಹೇಳಿಲ್ಲ. ಮುಂದಿನ ಭೇಟಿಗೆ ಮಗಳನ್ನೂ ಕರೆದಿದ್ದೇನೆ. ಗಂಡ ಸಾಲವನ್ನು ಮುಚ್ಚಿಟ್ಟಿದ್ದರ ಬಗ್ಗೆ ಅಮ್ಮನಿಗಿರುವ ಸಿಟ್ಟಿನ ಮಾತು ಇನ್ನೂ ಬಾಕಿ ಇದೆ.