ಪ್ರಶ್ನೋತ್ತರ: ಮಾಯೆಯ ಕತೆಗೆ ರಿಪೇರಿ

ಮಾಯಾಲೋಕದ ಕತೆ ಬರೆದು ಮುಗಿಸಿ, ತಿದ್ದಲು ಕೂತಾಗ ಸಿಕ್ಕಿಹಾಕಿಕೊಂಡವರ ಪತ್ರಗಳಿಗೆ ಈ ಸಲದ ಪುಟ ಮೀಸಲು.

ಪ್ರಶ್ನೆ: ನನ್ನ ಕಾದಂಬರಿ ನಡೆಯುವುದು 1780ರ ಆಸುಪಾಸಿನಲ್ಲಿ, ಮುಂಬಯಿ ಇನ್ನೂ ಏಳು ದ್ವೀಪಗಳಾಗಿದ್ದಾಗ. ವರ್ಲಿಯ ಮೀನುಗಾರರ ಹುಡುಗಿ ಶಂಖ ಊದಿದರೆ ನೀರು ಸರಿದು ಎಂಟನೆಯ ದ್ವೀಪವೊಂದು ಮೇಲೇಳುತ್ತದೆ. ಒಟ್ಟು 240 ಪುಟ. ಓದಿದ ಮೂವರೂ ‘ಶುರು ಚೆನ್ನಾಗಿದೆ, ಆಮೇಲೆ ಎಳೆದಿದ್ದೀರಿ’ ಎಂದರು. ಮೊದಲ ಮೂರು ಅಧ್ಯಾಯ ತಿದ್ದಿ ತಿದ್ದಿ ಸಾಕಾಗಿದೆ. ಮುಂದಕ್ಕೆ ಕೈ ಓಡುತ್ತಿಲ್ಲ.
– ಡೊಂಬಿವಲಿಯ ಓದುಗರು

ಉತ್ತರ: ಮೂವರೂ ಚೆನ್ನಾಗಿದೆ ಎಂದ ಜಾಗವನ್ನೇ ನೀವು ತಿದ್ದುತ್ತಿದ್ದೀರಿ! ಮೊದಲು ಅದನ್ನು ನಿಲ್ಲಿಸಿ. ವಾಕ್ಯ ನಯ ಮಾಡುವುದು ಕೊನೆಯ ಕೆಲಸ. ಮುಂದೆ ಕಿತ್ತುಹಾಕಬೇಕಾಗಬಹುದಾದ ಪುಟವನ್ನು ಈಗಲೇ ಚೆಂದ ಮಾಡಿಬಿಟ್ಟರೆ ಆಮೇಲೆ ಕೀಳಲು ಮನಸ್ಸು ಬರುವುದಿಲ್ಲ.

ಕತೆ ಎಳೆಯುತ್ತಿರುವುದಕ್ಕೆ ಕಾರಣ ಆ ಶಂಖ. ಯಾವಾಗ ಊದಿದರೂ ದ್ವೀಪ ಏಳುವುದಾದರೆ ಅವಳಿಗೆ ಕಷ್ಟ ಬಂದಾಗಲೆಲ್ಲ ‘ಊದುತ್ತಾಳೆ ಬಿಡು’ ಎಂದು ಓದುಗ ನಿರಾಳನಾಗುತ್ತಾನೆ. ಊದದೆ ಇದ್ದರೆ ‘ಯಾಕೆ ಊದಲಿಲ್ಲ?’ ಎಂದು ಕೇಳುತ್ತಾನೆ. ಎರಡೂ ಕಡೆಯಿಂದ ಬಿಗಿ ಹೋಯಿತು. ಅಜ್ಜಿ ಕತೆಯ ರಾಕ್ಷಸನನ್ನು ನೆನಪಿಸಿಕೊಳ್ಳಿ. ಅವನ ಪ್ರಾಣ ಏಳು ಸಮುದ್ರದಾಚೆಯ ಗಿಣಿಯಲ್ಲಿದೆ ಎಂದು ಮೊದಲೇ ಗೊತ್ತಾಗುತ್ತದೆ, ಅಲ್ಲಿಗೆ ಹೋಗುವುದು ಕಷ್ಟ, ಅವನ ಬಲವಿರುವಲ್ಲೇ ಅವನ ಸಾವೂ ಇದೆ. ಶಂಖಕ್ಕೂ ಈ ಮೂರು ಬೇಕು: ಮೊದಲೇ ತಿಳಿದ ನಿಯಮ, ಅಡ್ಡಿ, ಬೆಲೆ.

ನಿಯಮವನ್ನು ಹುಡುಕಿಕೊಂಡು ದೂರ ಹೋಗಬೇಕಿಲ್ಲ, ಅರಬ್ಬಿ ಸಮುದ್ರವೇ ಕೊಡುತ್ತದೆ. ಮುಂಬಯಿಯಲ್ಲಿ ದಿನಕ್ಕೆರಡು ಭರತ, ಎರಡು ಇಳಿತ. ಒಂದು ಭರತದಿಂದ ಇನ್ನೊಂದಕ್ಕೆ ಸುಮಾರು 12 ಗಂಟೆ 25 ನಿಮಿಷ; ಹಾಗಾಗಿ ಹೊತ್ತು ದಿನವೂ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ನೀರು ಅತಿ ಹೆಚ್ಚು ಏರಿ ಅತಿ ಹೆಚ್ಚು ಇಳಿಯುತ್ತದೆ. ಅಷ್ಟಮಿಯ ಸುಮಾರಿಗೆ ಏರಿಳಿತ ಮಂದ. ಈಗ ಶಂಖಕ್ಕೆ ಕಟ್ಟು ಹಾಕಿ: ಅಮಾವಾಸ್ಯೆ ಅಥವಾ ಹುಣ್ಣಿಮೆಗೆ ಹತ್ತಿರದ ಮೂರು ದಿನ, ತೀರಾ ಇಳಿತದ ಹಿಂದೆ ಮುಂದೆ ಒಂದೊಂದು ಗಂಟೆ ಮಾತ್ರ ಅದು ಕೆಲಸ ಮಾಡಲಿ. ಶತ್ರುವನ್ನು ಅಷ್ಟಮಿಯ ದಿನ ದಡಕ್ಕೆ ತನ್ನಿ. ಮುಂದಿನ ಒಂದು ವಾರ ಅವಳು ಬುದ್ಧಿಯಿಂದಲೇ ಬದುಕಬೇಕು. ನಿಮ್ಮ ನಡುಭಾಗದ ಕತೆ ಆ ವಾರ.

ಬೆಲೆಯನ್ನು ಹುಡುಗಿಯೇ ತೆರಬೇಕು, ತೆತ್ತದ್ದು ವಾಪಸು ಬರಬಾರದು. ‘ಊದಿ ಸುಸ್ತಾದಳು’ ಎಂದರೆ ಬೆಲೆಯಾಗದು, ರಾತ್ರಿ ಮಲಗಿದರೆ ಸುಸ್ತು ಹೋಗುತ್ತದೆ. ಪ್ರತಿ ಸಲ ಊದಿದಾಗ ಅವಳ ಕಿವಿಯಿಂದ ಒಂದು ಸದ್ದು ಕಾಯಂ ಆಗಿ ಹೋಗಲಿ: ಮೊದಲು ಕಾಗೆಯ ಕೂಗು, ಆಮೇಲೆ ದೋಣಿಯ ಹುಟ್ಟಿನ ಸದ್ದು, ಆಮೇಲೆ ಅವ್ವನ ದನಿ. ಐದಕ್ಕಿಂತ ಹೆಚ್ಚು ಸಲ ಊದಿಸಬೇಡಿ. ಒಂದು ಸಲವಾದರೂ, ಅದೂ ಮೊದಲ 60 ಪುಟದೊಳಗೆ, ಹೊತ್ತು ತಪ್ಪಿ ಊದಿ ಸೋಲಲಿ. ನಿಯಮವನ್ನು ಯಾವ ಮುದುಕನ ಬಾಯಲ್ಲೂ ಹೇಳಿಸಬೇಕಾಗಿಲ್ಲ, ಆ ಸೋಲೇ ಹೇಳುತ್ತದೆ.

ಇನ್ನು ತಿದ್ದುವ ಕ್ರಮ. ಮೂರು ನಾಲ್ಕು ವಾರ ಫೈಲು ತೆರೆಯಬೇಡಿ. ಆಮೇಲೆ ಪ್ರಿಂಟ್ ತೆಗೆದು ಎರಡು ಮೂರು ಕೂರುವಿಕೆಯಲ್ಲಿ ಪೂರಾ ಓದಿ. ಪೆನ್ಸಿಲ್ಲಿನಿಂದ ಅಂಚಿನಲ್ಲಿ ‘ಬೇಸರ’, ‘ಗೊಂದಲ’, ‘ನಂಬಲಾರೆ’ ಇಷ್ಟೇ ಗುರುತು. ನಂತರ ಒಂದು ನೋಟ್‌ಬುಕ್ಕಿನಲ್ಲಿ ದೃಶ್ಯಕ್ಕೊಂದು ಸಾಲಿನಂತೆ ಪಟ್ಟಿ ಮಾಡಿ. 240 ಪುಟಕ್ಕೆ ಐವತ್ತು ಅರವತ್ತು ಸಾಲಾದೀತು. ಅಡ್ಡಕ್ಕೆ ನಾಲ್ಕು ಕಾಲಂ: ಯಾರಿಗೆ ಏನು ಬೇಕು, ತಡೆಯುವುದೇನು, ಕೊನೆಗೆ ಏನು ಬದಲಾಯಿತು, ಶಂಖ ಊದಿದಳೇ. ಮೂರನೆಯ ಕಾಲಂ ಖಾಲಿಯಿದ್ದರೆ ಆ ದೃಶ್ಯವನ್ನು ಪಕ್ಕದ್ದರೊಳಗೆ ಸೇರಿಸಿ ಅಥವಾ ತೆಗೆಯಿರಿ. ಸಾಲಾಗಿ ಮೂರು ಖಾಲಿ ಬಂದಲ್ಲಿ ನಿಮ್ಮ ಗೆಳೆಯರು ಆಕಳಿಸಿದ್ದಾರೆ. ತಪ್ಪು ಮಾತ್ರ ಸಾಮಾನ್ಯವಾಗಿ ಆಕಳಿಕೆ ಬಂದ ಪುಟದಲ್ಲಿ ಇರುವುದಿಲ್ಲ. ಇಪ್ಪತ್ತು ಮೂವತ್ತು ಪುಟ ಹಿಂದೆ, ಹಾಕಬೇಕಾದ ಅಡ್ಡಿಯನ್ನು ಹಾಕದೆ ಬಿಟ್ಟ ಕಡೆ ಇರುತ್ತದೆ. (ಪ್ರಿಂಟ್ ಹಿಡಿದು ಓದಲು ಬೆಳಗಿನ ಫಾಸ್ಟ್ ಲೋಕಲ್ ರೈಲು ಆಗದು, ಕೈ ಆಡಿಸಲೂ ಜಾಗವಿರುವುದಿಲ್ಲ. ದೃಶ್ಯಪಟ್ಟಿಯನ್ನು ಮೊಬೈಲಿನಲ್ಲಿಟ್ಟುಕೊಂಡರೆ ನಿಂತೇ ಕೆಲಸ ಮಾಡಬಹುದು.)

ಇನ್ನೊಂದು ಮಾತು. ಮುಂಬಯಿ ದ್ವೀಪಕ್ಕೂ ವರ್ಲಿಗೂ ನಡುವೆ ಸಮುದ್ರ ಒಳನುಗ್ಗುತ್ತಿದ್ದ ಬಾಯಿಯನ್ನು ಮುಚ್ಚಿದ ಹಾರ್ನ್‌ಬಿ ವೆಲ್ಲಾರ್ಡ್ ಕಟ್ಟೆ ಮುಗಿದದ್ದು 1784ರಲ್ಲಿ. ನಿಮ್ಮ ಹುಡುಗಿಯ ಕಣ್ಣೆದುರೇ ಆ ಕಲ್ಲು ಬೀಳುತ್ತಿರಬಹುದು. ಬಾಯಿ ಮುಚ್ಚಿದ ದಿನ ಶಂಖವೂ ಸತ್ತಂತೆ ಎಂದಿಟ್ಟುಕೊಳ್ಳಿ, ಇಡೀ ಕಾದಂಬರಿಗೆ ಗಡುವು ಸಿಕ್ಕಿತು. ಹಾಗೆಯೇ ಮಾಹಿಮ್‌ನಿಂದ ಬಾಂದ್ರಾಕ್ಕೆ ಎತ್ತಿನ ಗಾಡಿ ಓಡಿಸಿದ್ದರೆ ಅದನ್ನು ದೋಣಿ ಮಾಡಿ. ಅಲ್ಲಿ ಕಟ್ಟೆ ಆದದ್ದು 1845ರಲ್ಲಿ. ಎಂಟನೆಯ ದ್ವೀಪವನ್ನು ನಂಬುವ ಓದುಗ ಈ ಗಾಡಿಯನ್ನು ನಂಬುವುದಿಲ್ಲ.

ಪ್ರಶ್ನೆ: ಹತ್ತು ಸಲ ತಿದ್ದಿದ ಮೇಲೆ ಮೊದಲಿನದೇ ವಾಸಿಯಿತ್ತು ಅನ್ನಿಸುತ್ತಿದೆ. ಹಳೆಯದು ಈಗ ನನ್ನ ಹತ್ತಿರ ಇಲ್ಲ. ಕತೆಯನ್ನೇ ಕೈಬಿಡಲೇ?
– ಪುಣೆಯ ಕೊಥ್ರೂಡ್‌ನಿಂದ

ಉತ್ತರ: ಈಗಲೇ ಬೇಡ. ತೀರಾ ಕಾಡುವ ಒಂದೇ ದೃಶ್ಯ ಆರಿಸಿ. ಫೈಲು ಮುಚ್ಚಿಟ್ಟು, ನೆನಪಿನಿಂದಲೇ ಅರ್ಧ ಗಂಟೆಯಲ್ಲಿ ಕೈಬರಹದಲ್ಲಿ ಬರೆಯಿರಿ. ನೆನಪಿನಲ್ಲಿ ಉಳಿದದ್ದಕ್ಕೆ ಜೀವವಿದೆ, ಮರೆತದ್ದು ಹೆಚ್ಚಾಗಿ ತುಂಬಿಸಿದ ಸರಕು. ಮೂರು ದೃಶ್ಯ ಹೀಗೆ ಬರೆದರೂ ಮೈ ಜುಮ್ಮೆನ್ನದಿದ್ದರೆ ಆರು ತಿಂಗಳು ಪಕ್ಕಕ್ಕಿಡಿ. ಮುಂದಕ್ಕೆ, ಪ್ರತಿ ಸಲ ತಿದ್ದುವ ಮೊದಲು ಫೈಲಿನ ಹೆಸರಿಗೆ ತಾರೀಖು ಸೇರಿಸಿ ಪ್ರತಿ ಮಾಡಿಕೊಳ್ಳಿ. ಕತ್ತರಿಸಿದ್ದನ್ನು ಅಳಿಸದೆ ‘ತೆಗೆದದ್ದು’ ಎಂಬ ಬೇರೆ ಫೈಲಿಗೆ ಹಾಕಿ. ವಾಪಸು ತರುವುದು ಕಡಿಮೆಯೇ, ಆದರೆ ಅದು ಅಲ್ಲಿದೆ ಎಂದು ಗೊತ್ತಿದ್ದರೆ ಕತ್ತರಿ ಹಾಕಲು ಕೈ ನಡುಗುವುದಿಲ್ಲ.

ಪ್ರಶ್ನೆ: ಗೋವಾದ ಖಜಾನ್ ಗದ್ದೆಗಳನ್ನು (ಉಪ್ಪುನೀರು ನುಗ್ಗದಂತೆ ಒಡ್ಡು ಕಟ್ಟಿದ ಗದ್ದೆಗಳನ್ನು) ಕಾಯುವ ಜಲದೇವತೆಗಳ ಕತೆ. ಆ ಲೋಕದ ಹಿನ್ನೆಲೆ ಹೇಳಲು ಆರಂಭದಲ್ಲಿ 14 ಪುಟ ಹಿಡಿದಿದೆ. ತೆಗೆದರೆ ಓದುಗರಿಗೆ ಅರ್ಥವಾಗುವುದಿಲ್ಲ ಎಂಬ ಭಯ.
– ಮಡಗಾಂವ್‌ನಿಂದ

ಉತ್ತರ: ತೆಗೆಯಿರಿ. ಹದಿನಾಲ್ಕು ಪುಟದ ಬದಲು ಒಂದು ತೂಬು ಮುರಿಯಿರಿ. ಖಜಾನ್ ಒಡ್ಡಿನಲ್ಲಿರುವ ಮರದ ತೂಬಿನ ಬಾಗಿಲನ್ನು ಭರತದ ನೀರೇ ಒತ್ತಿ ಮುಚ್ಚುತ್ತದೆ, ಇಳಿತದಲ್ಲಿ ಒಳಗಿನ ನೀರೇ ತಳ್ಳಿ ತೆರೆಯುತ್ತದೆ. ಹಲಗೆಯೊಂದು ಕೊಳೆತು ಒಡೆದರೆ ಉಪ್ಪುನೀರು ಗದ್ದೆಗೆ ನುಗ್ಗುತ್ತದೆ, ಒಂದೇ ರಾತ್ರಿಯಲ್ಲಿ ಊರಿನ ಅನ್ನ ಅಪಾಯಕ್ಕೆ ಬೀಳುತ್ತದೆ. ಈ ದೃಶ್ಯದಿಂದ ಶುರು ಮಾಡಿ. ಯಾರು ಓಡಿ ಬಂದರು, ಯಾರು ದೇವತೆಯನ್ನು ಬೈದರು, ಯಾರು ಹೆದರಿ ತೆಂಗಿನಕಾಯಿ ತಂದರು, ಅಷ್ಟರಲ್ಲೇ ಲೋಕದ ನಿಯಮ, ಜಾತಿ, ಜಗಳ ಎಲ್ಲ ಬರುತ್ತದೆ. ಆ 14 ಪುಟದ ಒಂದೊಂದು ಸಂಗತಿಯ ಎದುರೂ ‘ಇದು ಗೊತ್ತಿಲ್ಲದಿದ್ದರೆ ಯಾವ ಪುಟದಲ್ಲಿ ಓದುಗ ಎಡವುತ್ತಾನೆ?’ ಎಂದು ಪುಟಸಂಖ್ಯೆ ಬರೆಯಿರಿ. ಸಂಖ್ಯೆ ಬಂದದ್ದನ್ನು ಆ ಪುಟಕ್ಕೆ ಸ್ವಲ್ಪ ಮುಂಚೆ, ಎರಡು ಮೂರು ವಾಕ್ಯದಲ್ಲಿ ಕೊಡಿ. ಸಂಖ್ಯೆ ಬರದದ್ದು ನಿಮ್ಮ ಟಿಪ್ಪಣಿ ಪುಸ್ತಕದಲ್ಲಿರಲಿ.

ಪ್ರಶ್ನೆ: ನಾಯಕನ ಹೆಸರು ರಂಗ ಇದ್ದದ್ದನ್ನು ಮಾರುತಿ ಎಂದು ಒಂದೇ ಸಲಕ್ಕೆ ಬದಲಾಯಿಸಿದೆ. ಫೈಲು ಪೂರ್ತಿ ಕೆಟ್ಟಿತು. ಎಲ್ಲಿ ತಪ್ಪಿತು?
– ಬೋರಿವಲಿಯಿಂದ

ಉತ್ತರ: ಯಂತ್ರ ಅಕ್ಷರ ನೋಡುತ್ತದೆ, ವಿಭಕ್ತಿ ನೋಡುವುದಿಲ್ಲ. ‘ತರಂಗ’ ಹೋಗಿ ‘ತಮಾರುತಿ’, ‘ರಂಗಸ್ಥಳ’ ಹೋಗಿ ‘ಮಾರುತಿಸ್ಥಳ’, ‘ರಂಗನ’ ಹೋಗಿ ‘ಮಾರುತಿನ’ ಆಗಿರುತ್ತದೆ. ಅಕಾರಾಂತ ಹೆಸರಿಗೆ ನಕಾರ ಬರುತ್ತದೆ, ಇಕಾರಾಂತಕ್ಕೆ ಯಕಾರ. ಸುಲಭದ ದಾರಿಯೆಂದರೆ ಅದೇ ಅಂತ್ಯದ ಹೆಸರು ಇಡುವುದು: ರಂಗನನ್ನು ಕೆಂಚ ಮಾಡಿದರೆ ವಿಭಕ್ತಿಯ ತೊಂದರೆ ಇಲ್ಲ. ಮಾರುತಿಯೇ ಬೇಕೆಂದರೆ ಹಳೆಯ ಪ್ರತಿಗೆ ಮರಳಿ, ಉದ್ದ ರೂಪದಿಂದ ಶುರು ಮಾಡಿ: ರಂಗನಿಗೆ–ಮಾರುತಿಗೆ, ರಂಗನಿಂದ–ಮಾರುತಿಯಿಂದ, ರಂಗನನ್ನು–ಮಾರುತಿಯನ್ನು, ಆಮೇಲೆ ರಂಗನ–ಮಾರುತಿಯ. ಬರೀ ‘ರಂಗ’ ಕೊನೆಗೆ, ಅದೂ ಒಂದೊಂದಾಗಿ ನೋಡಿಕೊಂಡು. ಯಾವ ಹೆಸರಾದರೂ ಎಲ್ಲವನ್ನೂ ಒಮ್ಮೆಗೇ ಬದಲಾಯಿಸುವ ಗುಂಡಿ ಒತ್ತಬೇಡಿ. ಗಂಡು ಪಾತ್ರವನ್ನು ಹೆಣ್ಣು ಮಾಡುತ್ತಿದ್ದರೆ ‘ಬಂದನು’, ‘ಅವನ’ ಎಲ್ಲವೂ ಬದಲಾಗಬೇಕು. ಅದಕ್ಕೆ ಅಡ್ಡದಾರಿ ಇಲ್ಲ, ಓದಿಯೇ ತಿದ್ದಬೇಕು. ಫೈಲು ಹಳೆಯ ‘ನುಡಿ’ ತಂತ್ರಾಂಶದ ಅಕ್ಷರದಲ್ಲಿದ್ದರೆ ಮೊದಲು ಯೂನಿಕೋಡ್‌ಗೆ ಪರಿವರ್ತಿಸಿ, ಒತ್ತಕ್ಷರ ಮತ್ತು ಅರ್ಕಾವೊತ್ತು ಸರಿಯಾಗಿ ಬಂದಿವೆಯೇ ನೋಡಿದ ನಂತರವೇ ಹುಡುಕಾಟಕ್ಕೆ ಕೈ ಹಾಕಿ.