ಕ್ರಿಸ್‌ಮಸ್ ತಯಾರಿ: ಕೋಲಾರ ಸೀಮೆಯ ಓದುಗರ ಪ್ರಶ್ನೆ, ನಮ್ಮ ಉತ್ತರ

ಹಬ್ಬಕ್ಕೆ ಮುಂಚಿನ ನಾಲ್ಕು ಭಾನುವಾರಗಳು ಆಗಮನ ಕಾಲ. ನವೆಂಬರ್ 27ರಿಂದ ಡಿಸೆಂಬರ್ 3ರೊಳಗೆ ಬರುವ ಭಾನುವಾರಕ್ಕೆ ಅದು ಶುರುವಾಗುತ್ತದೆ. ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಕೆಜಿಎಫ್, ಕೋಲಾರ, ಚಿಕ್ಕಬಳ್ಳಾಪುರದವು. ಊರಿನ ಬೇಕರಿ, ಟೈಲರ್, ಬಿದಿರು ಕೆಲಸದವರನ್ನು ನೆಚ್ಚಿಕೊಂಡೇ ಹಬ್ಬ ಮಾಡುವವರು ಇವರೆಲ್ಲ. ಅವರಿಗೆ ಯಾವಾಗ, ಏನು, ಹೇಗೆ ಹೇಳಬೇಕು ಅನ್ನುವುದರಲ್ಲೇ ಅರ್ಧ ಕೆಲಸ ಇದೆ.

ಪ್ರಶ್ನೆ: ಮನೆಯಲ್ಲಿ ಓವನ್ ಇಲ್ಲ. ಹಿಟ್ಟು ಕಲಸಿ ಬೇಕರಿಗೆ ಕೊಟ್ಟು ಕೇಕ್ ಬೇಯಿಸಿಕೊಂಡು ಬರುತ್ತೇವೆ. ಹೋದ ವರ್ಷ ಮೇಲೆಲ್ಲ ಕಪ್ಪು, ಒಳಗೆ ಹಸಿ, ದ್ರಾಕ್ಷಿಯೆಲ್ಲ ತಳದಲ್ಲಿ. ತಪ್ಪು ಅವರದೋ ನಮ್ಮದೋ?
— ಗೃಹಿಣಿ, ಆಂಡರ್ಸನ್‌ಪೇಟೆ, ಕೆಜಿಎಫ್

ಮೇಲೆ ಕಪ್ಪಾಗಿ ಒಳಗೆ ಹಸಿ ಉಳಿದದ್ದು ಕಾವಿನ ದೋಷ. ಬನ್ನು, ಬ್ರೆಡ್ಡಿಗೆ ಭಟ್ಟಿ 200 ಡಿಗ್ರಿ ಮೇಲೇ ಇರುತ್ತದೆ. ಹಣ್ಣು ತುಂಬಿದ ಭಾರದ ಕೇಕಿಗೆ ಬೇಕಾದ್ದು 150ರಿಂದ 160. ಹಾಗಾಗಿ ಟಿನ್ನು ಕೊಡುವಾಗ ‘ಬ್ರೆಡ್ಡು ತೆಗೆದ ಮೇಲೆ, ಕಾವು ಇಳಿದಾಗ ಇಡಿ’ ಎಂದು ಬಾಯಿಬಿಟ್ಟು ಹೇಳಿ. ಸೌದೆ ಭಟ್ಟಿಯಾದರೆ ಆ ಹೊತ್ತು ಯಾವುದೆಂದು ಹಿಂದಿನ ದಿನವೇ ಕೇಳಿಕೊಂಡು ಅದಕ್ಕೆ ಸರಿಯಾಗಿ ಹೋಗಿ. 23, 24ರಂದು ಭಟ್ಟಿ ಆರುವುದೇ ಇಲ್ಲ, ಸಾಲು ಬೇರೆ. 18ರಿಂದ 20ರೊಳಗೆ ಬೇಯಿಸಿಕೊಳ್ಳಿ. ಹಣ್ಣಿನ ಕೇಕ್ ನಾಲ್ಕು ದಿನ ಕಳೆದರೆ ರುಚಿ ಕೂಡುತ್ತದೆಯೇ ಹೊರತು ಕೆಡುವುದಿಲ್ಲ. ಇನ್ನೊಂದು ಮಾತು: ಕೆಲವು ಅಯ್ಯಂಗಾರ್ ಬೇಕರಿಗಳಲ್ಲಿ ಮೊಟ್ಟೆ ಮುಟ್ಟುವುದಿಲ್ಲ. ಮೊಟ್ಟೆ ಹಾಕಿದ ಹಿಟ್ಟನ್ನು ಅಲ್ಲಿಗೆ ಒಯ್ದು ಅವರನ್ನು ಇಕ್ಕಟ್ಟಿಗೆ ಸಿಕ್ಕಿಸಬೇಡಿ.

ಇನ್ನು ಹಿಟ್ಟಿನ ಕಡೆ ನೋಡೋಣ. ಏಳು ಇಂಚಿನ ಎರಡು ಟಿನ್ನಿಗೆ ಮೈದಾ 250 ಗ್ರಾಂ, ಬೆಣ್ಣೆ 250, ಪುಡಿ ಸಕ್ಕರೆ 200, ಮೊಟ್ಟೆ 5, ಬೇಕಿಂಗ್ ಪೌಡರ್ 1 ಟೀ ಚಮಚ, ಚಕ್ಕೆ-ಲವಂಗ-ಜಾಯಿಕಾಯಿ ಪುಡಿ ಎಲ್ಲ ಸೇರಿ 1 ಟೀ ಚಮಚ, ನೆನೆಸಿ ಬಸಿದ ಹಣ್ಣು 500 ಗ್ರಾಂ. ಬಣ್ಣಕ್ಕೆ 100 ಗ್ರಾಂ ಸಕ್ಕರೆಯನ್ನು ದಪ್ಪ ತಳದ ಪಾತ್ರೆಯಲ್ಲಿ ಕೆಂಪಗೆ ಕರಗಿಸಿ, ಒಲೆಯಿಂದ ಇಳಿಸಿ, 100 ಮಿಲಿ ಬಿಸಿನೀರನ್ನು ದೂರ ನಿಂತು ಸ್ವಲ್ಪಸ್ವಲ್ಪವೇ ಸುರಿಯಿರಿ. ಸಿಡಿಯುತ್ತದೆ, ಮಕ್ಕಳು ಹತ್ತಿರ ಇರಬಾರದು. ಸಕ್ಕರೆ ಕಪ್ಪಾಗಲು ಬಿಟ್ಟರೆ ಕೇಕ್ ಕಹಿ.

ನಿಮ್ಮ ದ್ರಾಕ್ಷಿ ತಳಕ್ಕಿಳಿದದ್ದು ಬಹುಶಃ ಈ ಪಾಕದಿಂದಲೇ. ಅದು ಬೆಚ್ಚಗಿರುವಾಗ ಸೇರಿಸಿದರೆ ಬೆಣ್ಣೆ ಕರಗಿ ಹಿಟ್ಟು ನೀರಾಗುತ್ತದೆ, ಹಣ್ಣನ್ನು ಹಿಡಿದು ನಿಲ್ಲಿಸುವ ಶಕ್ತಿ ಹೋಗುತ್ತದೆ. ಪೂರ್ತಿ ಆರಿಸಿ ಹಾಕಿ. ಹಣ್ಣನ್ನು ಜರಡಿಯಲ್ಲಿ ಅರ್ಧ ಗಂಟೆ ಬಸಿದು, ಅಳೆದ ಮೈದಾದಲ್ಲೇ ಎರಡು ಚಮಚ ತೆಗೆದು ಹೊರಳಾಡಿಸಿ. ಚೆರ್ರಿಯನ್ನು ನಾಲ್ಕು ಹೋಳು ಮಾಡಿ.

ಕಲಸಿದ ಹಿಟ್ಟನ್ನು ಕೊಂಡೊಯ್ದು ಸಾಲಿನಲ್ಲಿ ಒಂದು ಗಂಟೆ ಕಾದರೆ ಬೇಕಿಂಗ್ ಪೌಡರಿನ ಕಸುವು ಪಾತ್ರೆಯಲ್ಲೇ ಮುಗಿಯುತ್ತಾ ಬರುತ್ತದೆ. ಬೆಣ್ಣೆ, ಸಕ್ಕರೆ, ಮೊಟ್ಟೆ, ಪಾಕದ ಮಿಶ್ರಣ ಒಂದು ಡಬ್ಬಿಯಲ್ಲಿ, ಪೌಡರ್ ಸೇರಿಸಿ ಜರಡಿ ಹಿಡಿದ ಮೈದಾ ಬೇರೆ ಕವರಿನಲ್ಲಿ, ಹಣ್ಣು ಇನ್ನೊಂದರಲ್ಲಿ ಒಯ್ಯಿರಿ. ನಿಮ್ಮ ಸರದಿ ಬಂದಾಗ ಅಲ್ಲೇ ಮೆಲ್ಲಗೆ ಕಲಸಿ ಟಿನ್ನಿನ ಮುಕ್ಕಾಲಿಗೆ ತುಂಬಿ. ಟಿನ್ನಿನ ಒಳಗೆ ಬೆಣ್ಣೆ ಸವರಿದ ಕಾಗದ ಎರಡು ಪದರ ಇರಲಿ. ಮುಕ್ಕಾಲು ಗಂಟೆಯಾದ ಮೇಲೆ ಮೇಲೊಂದು ಕಾಗದ ಮುಚ್ಚಲು ಹೇಳಿ. ಒಟ್ಟು ಒಂದೂಕಾಲರಿಂದ ಒಂದೂವರೆ ಗಂಟೆ. ತೆಂಗಿನಗರಿ ಕಡ್ಡಿ ಚುಚ್ಚಿದರೆ ಹಿಟ್ಟು ಅಂಟದೆ ಬರಬೇಕು. ಟಿನ್ನಿನ ಹೊರಗೆ ಮೊಳೆಯಿಂದ ಹೆಸರು ಗೀಚಿಡಿ. ಅಂಟಿಸಿದ ಚೀಟಿ ಭಟ್ಟಿಯಲ್ಲಿ ಉಳಿಯುವುದಿಲ್ಲ, ಮೂವತ್ತು ಟಿನ್ನಿನ ನಡುವೆ ನಿಮ್ಮದು ಸಿಗುವುದಿಲ್ಲ.

ಪ್ರಶ್ನೆ: ಹಣ್ಣು ನೆನೆಸಲು ರಮ್ ಬೇಡ ಅಂತಿದ್ದೇವೆ. ನಮ್ಮ ತೋಟದ ನೀಲಿ ದ್ರಾಕ್ಷಿಯ ರಸ ಆಗುತ್ತದಾ? ಮನೆಯಲ್ಲೇ ವೈನ್ ಮಾಡಬಹುದಾ?
— ದ್ರಾಕ್ಷಿ ಬೆಳೆಗಾರರು, ಚಿಕ್ಕಬಳ್ಳಾಪುರ

ರಸ ಚೆನ್ನಾಗಿ ಆಗುತ್ತದೆ. ಬೆಂಗಳೂರು ನೀಲಿ ದ್ರಾಕ್ಷಿಗೆ ಭೌಗೋಳಿಕ ಗುರುತಿನ ಮಾನ್ಯತೆ ಇದೆ. ಅದರ ಗಾಢ ಬಣ್ಣ, ಹುಳಿ, ಘಮ ಕೇಕಿಗೆ ಹೇಳಿ ಮಾಡಿಸಿದ ಹಾಗಿದೆ. ಒಂದು ಕಿಲೋ ಹಣ್ಣಿಗೆ ಅರ್ಧ ಲೋಟ ನೀರು ಹಾಕಿ ಸಿಪ್ಪೆ ಬಿಡುವ ತನಕ ಬೇಯಿಸಿ, ಕಿವುಚಿ, ತೆಳು ಬಟ್ಟೆಯಲ್ಲಿ ಸೋಸಿ. ಮಿಕ್ಸಿಗೆ ಮಾತ್ರ ಹಾಕಬೇಡಿ, ಬೀಜ ನುರಿದರೆ ಒಗರು ಬರುತ್ತದೆ. ಅರ್ಧ ಕಿಲೋ ಒಣಹಣ್ಣಿಗೆ 250 ಮಿಲಿ ರಸ ಹಾಕಿ ಐದು ನಿಮಿಷ ಕುದಿಸಿ, ಆರಿಸಿ, ಫ್ರಿಜ್ಜಿನಲ್ಲಿಡಿ. ಎರಡು ದಿನ ಸಾಕು, ಮೂರು ದಿನ ಮೀರಬೇಡಿ. ರಮ್ಮಿನಲ್ಲಿ ತಿಂಗಳುಗಟ್ಟಲೆ ನೆನೆಸುವ ಲೆಕ್ಕವನ್ನು ರಸಕ್ಕೆ ಹಾಕಿದರೆ ನೊರೆ ಬಂದು ಹುಳಿಯುತ್ತದೆ.

ವೈನ್ ವಿಷಯ: ಪರವಾನಗಿ ಇಲ್ಲದೆ ಮದ್ಯ ತಯಾರಿಸುವುದು ಕರ್ನಾಟಕ ಅಬಕಾರಿ ಕಾಯ್ದೆ 1965ರಡಿ ಅಪರಾಧ. ಹಬ್ಬದ ಹೆಸರಿನಲ್ಲಿ ಅದಕ್ಕೆ ಕೈ ಹಾಕದಿರುವುದೇ ಒಳ್ಳೆಯದು.

ಅಂದಹಾಗೆ, ಒಣಹಣ್ಣು ಕೊಳ್ಳುವವರಿಗೆ: ಬೇಕರಿಯ ಟೂಟಿಫ್ರೂಟಿ ಅಂದರೆ ಸಕ್ಕರೆಪಾಕದ ಪರಂಗಿಕಾಯಿ, ಕೆಂಪು ಚೆರ್ರಿ ಹೆಚ್ಚಾಗಿ ಬಣ್ಣ ಹಾಕಿದ ಕವಳೆಕಾಯಿ. ಎರಡೂ ಬರೀ ಸಿಹಿ. ಅರ್ಧ ಕಿಲೋದಲ್ಲಿ ಇವು 100 ಗ್ರಾಂ ಮೀರದಿರಲಿ, ಮಿಕ್ಕದ್ದು ಒಣದ್ರಾಕ್ಷಿ, ಖರ್ಜೂರ, ಕಿತ್ತಳೆ ಸಿಪ್ಪೆ.

ಪ್ರಶ್ನೆ: ಹೊಸ ಅಚ್ಚು ತಂದೆವು. ಗುಲಾಬಿ ಹೂವು (ಅಚ್ಚು ಮುರುಕು) ಅಚ್ಚಿಗೇ ಅಂಟಿಕೊಂಡು ಬಿಡುವುದೇ ಇಲ್ಲ.
— ಮಾರಿಕುಪ್ಪಂ

ಹೊಸ ಅಚ್ಚು ಪಳಗಬೇಕು. ರಾತ್ರಿ ಗಂಜಿ ತಿಳಿಯಲ್ಲಿ ಮುಳುಗಿಸಿಟ್ಟು, ಬೆಳಿಗ್ಗೆ ತೊಳೆದು ಒರೆಸಿ, ಕರಿಯುವ ಎಣ್ಣೆಯಲ್ಲಿ ಹತ್ತು ನಿಮಿಷ ಸಣ್ಣ ಉರಿಯಲ್ಲಿ ಕಾಯಿಸಿ, ಎಣ್ಣೆಯಲ್ಲೇ ಆರಲು ಬಿಡಿ. ಮೊದಲ ಐದಾರು ಹೂವು ಹಾಳಾಗುತ್ತವೆ, ಅಚ್ಚನ್ನು ಬೈಯಬೇಡಿ.

ಹಿಟ್ಟಿಗೆ ಮೈದಾ ಎರಡು ಲೋಟ, ಅಕ್ಕಿಹಿಟ್ಟು ಒಂದು ಲೋಟ, ಪುಡಿ ಸಕ್ಕರೆ ಮುಕ್ಕಾಲು ಲೋಟ, ಮೊಟ್ಟೆ ಎರಡು, ಚಿಟಿಕೆ ಉಪ್ಪು, ಒಂದು ಚಮಚ ಎಳ್ಳು. ತೆಂಗಿನಹಾಲು ಸುಮಾರು ಮೂರು ಲೋಟ, ದೋಸೆ ಹಿಟ್ಟಿಗಿಂತ ತುಸು ತೆಳುವಾಗುವ ತನಕ. ಬಿಸಿ ಅಚ್ಚನ್ನು ಅದ್ದಿದಾಗ ‘ಚುಯ್’ ಅನ್ನಬೇಕು. ಮುಕ್ಕಾಲು ಭಾಗ ಮಾತ್ರ ಅದ್ದಿ. ಹಿಟ್ಟು ಅಚ್ಚಿನ ಮೇಲಂಚನ್ನು ದಾಟಿದರೆ ಟೋಪಿ ಹಾಕಿಕೊಂಡ ಹಾಗೆ ಕಚ್ಚಿಕೊಳ್ಳುತ್ತದೆ, ಆಮೇಲೆ ಎಷ್ಟು ಕೊಡವಿದರೂ ಬಿಡದು. ನಿಮ್ಮ ತೊಂದರೆ ಇದೇ ಇರಬೇಕು. ಪ್ರತಿ ಸಲವೂ ಅಚ್ಚನ್ನು ಎಣ್ಣೆಯಲ್ಲಿ ಮತ್ತೆ ಕಾಯಿಸಿಯೇ ಅದ್ದಬೇಕು. ಕರಿದದ್ದು ಪೂರ್ತಿ ಆರುವ ಮೊದಲು ಡಬ್ಬಿಗೆ ಹಾಕಿದರೆ ಮಾರನೇ ದಿನ ಮೆತ್ತಗಾಗುತ್ತದೆ.

ಪ್ರಶ್ನೆ: ಬೀದಿಗೆ ಬಿದಿರಿನ ನಕ್ಷತ್ರ ಕಟ್ಟಬೇಕೆಂದಿದ್ದೇವೆ. ಅಂಗಡಿಯ ಕಾಗದದ ನಕ್ಷತ್ರ ಮಳೆಗೆ ಹರಿದುಹೋಯಿತು. ಅಳತೆ ಹೇಳಿ.
— ಯುವಕರ ಗುಂಪು, ರಾಬರ್ಟ್‌ಸನ್‌ಪೇಟೆ

ಬಿದಿರು ಕೆಲಸದವರಿಗೆ ನವೆಂಬರ್ ಕೊನೆಯಲ್ಲೇ ಹೇಳಿ: ಮೂರು ಅಡಿ ಉದ್ದ, ಒಂದು ಬೆರಳಗಲದ ದಬ್ಬೆ ಹತ್ತು, ಏಳು ಇಂಚಿನ ಗಟ್ಟಿ ಕಡ್ಡಿ ಐದು. ಗಿಣ್ಣು ದಬ್ಬೆಯ ನಡುಭಾಗಕ್ಕೆ ಬಾರದಿರಲಿ, ಅಲ್ಲೇ ಮುರಿಯುತ್ತದೆ.

ಪ್ರತಿ ದಬ್ಬೆಯ ಎರಡೂ ತುದಿಯಿಂದ 13¾ ಇಂಚಿಗೆ ಗುರುತು ಹಾಕಿ. ಐದು ದಬ್ಬೆ ಸೇರಿಸಿ ಒಂದು ನಕ್ಷತ್ರ ಮಾಡುವಾಗ ದಬ್ಬೆಗಳು ಈ ಗುರುತಿನ ಮೇಲೇ ಒಂದನ್ನೊಂದು ದಾಟಬೇಕು. ಗುರುತು ಕೂಡಿದರೆ ಕಾಲುಗಳೆಲ್ಲ ಸಮ. ಕಣ್ಣಂದಾಜಿನಲ್ಲಿ ಕಟ್ಟಿದರೆ ಒಂದು ಕಾಲು ಮೋಟಾಗಿ ನಕ್ಷತ್ರ ವಾಲುತ್ತದೆ. ದಬ್ಬೆಗಳನ್ನು ಒಂದರ ಮೇಲೊಂದು, ಒಂದರ ಕೆಳಗೊಂದು ಹೆಣೆದು ತುದಿಗಳನ್ನು ಸಣ್ಣ ತಂತಿಯಿಂದ ಬಿಗಿಯಿರಿ. ಹೀಗೆ ಎರಡು ನಕ್ಷತ್ರ. ಒಂದರ ಮೇಲೊಂದಿಟ್ಟು ಐದು ತುದಿಗಳನ್ನೂ ಜೋಡಿಸಿ ಕಟ್ಟಿ, ಆಮೇಲೆ ಒಳಗಿನ ಐದು ಕೂಡುಜಾಗಗಳಲ್ಲಿ ಏಳಿಂಚಿನ ಕಡ್ಡಿಗಳನ್ನು ಅಡ್ಡ ನಿಲ್ಲಿಸಿ. ನಕ್ಷತ್ರ ಉಬ್ಬಿ ನಿಲ್ಲುತ್ತದೆ. ಕಡ್ಡಿಯ ತುದಿಯಲ್ಲಿ ಸಣ್ಣ ಕಚ್ಚು ಮಾಡದಿದ್ದರೆ ಜಾರಿ ಬೀಳುತ್ತದೆ.

ಈಶಾನ್ಯ ಮಾರುತದ ಮಳೆ ನಮ್ಮ ಕಡೆ ಡಿಸೆಂಬರಿನಲ್ಲೂ ಬರುವುದರಿಂದ ಬಣ್ಣದ ಕಾಗದದ ಬದಲು ಜಿಲೇಟಿನ್ ಹಾಳೆ ಹಾಕಿ. ಕೆಳಗಿನ ಒಂದು ಕಾಲಿನ ಹಿಂಬದಿ ಮುಚ್ಚಬೇಡಿ: ಬಲ್ಬು ಬದಲಿಸಲು, ಸೇರಿದ ನೀರು ಇಳಿದುಹೋಗಲು ದಾರಿ ಬೇಕು. ಒಳಗೆ 9 ವಾಟಿನ ಎಲ್‌ಇಡಿ ಧಾರಾಳ ಸಾಕು. ಹಳೆಯ 40, 60 ವಾಟಿನ ಬುರುಡೆ ಬಲ್ಬು ತಿನ್ನುವ ಕರೆಂಟಿನಲ್ಲಿ ಬಹುಪಾಲು ಬಿಸಿಯಾಗಿಯೇ ಹೊರಬರುತ್ತದೆ, ಹಾಳೆಗೆ ತಾಗಿದರೆ ಸುಡುತ್ತದೆ. ಹೋಲ್ಡರ್ ನೇತಾಡುವ ವೈರಿನ ಮೇಲೆ ನಕ್ಷತ್ರದ ಭಾರ ಬೀಳಬಾರದು; ಭಾರಕ್ಕೆ ನೈಲಾನ್ ಹಗ್ಗ ಬೇರೆ, ಕರೆಂಟಿಗೆ ವೈರು ಬೇರೆ. ವೈರಿನ ಗಂಟು ಬಯಲಲ್ಲಿ ಇರದಂತೆ ಒಂದೇ ಉದ್ದದ ತುಂಡು ಕೊಳ್ಳಿ. ಕಂಬದಿಂದ ಕೊಕ್ಕೆ ಹಾಕುವ ಯೋಚನೆ ಯಾರಿಗಾದರೂ ಬಂದರೆ ಅಲ್ಲೇ ತಡೆಯಿರಿ, ಜೀವದ ಮಾತು.

ಪ್ರಶ್ನೆ: ದಿನಾ ರೈಲಿನಲ್ಲಿ ಬೆಂಗಳೂರಿಗೆ ಕೆಲಸಕ್ಕೆ ಹೋಗಿಬರುವವರು ನಾವು. ಭಾನುವಾರ ಮಾತ್ರ ಬಿಡುವು. ಹಬ್ಬದ ಸಾಮಾನು ಅಲ್ಲಿಂದಲೇ ತರುವುದೋ, ಊರಲ್ಲೇ ಕೊಳ್ಳುವುದೋ?
— ಊರಿಗಾಂ

2001ರಲ್ಲಿ ಗಣಿ ಮುಚ್ಚಿದ ಮೇಲೆ ಕೆಜಿಎಫ್‌ನ ಎಷ್ಟೋ ಮನೆಗಳ ಪ್ರಶ್ನೆ ಇದು. ಬದಲಾಯಿಸಿಕೊಳ್ಳಬೇಕಾಗಿ ಬರುವಂಥದ್ದನ್ನು ಊರಲ್ಲೇ ಕೊಳ್ಳಿ: ಮಕ್ಕಳ ಬಟ್ಟೆ, ಶೂ, ಸೀರಿಯಲ್ ಸೆಟ್ಟು. ಶೂ ಬಿಗಿಯಾದರೆ ಮಾರನೇ ಸಂಜೆ ಮನೆಯವರು ಹೋಗಿ ಬದಲಿಸಬಹುದು. ಬೆಂಗಳೂರಿನ ಶಿವಾಜಿನಗರದಲ್ಲಿ ಕೊಂಡದ್ದಕ್ಕೆ ಇನ್ನೊಂದು ರಜೆ ಬೇಕು. ಸೀರಿಯಲ್ ಸೆಟ್ಟನ್ನು ಅಂಗಡಿಯಲ್ಲೇ ಐದು ನಿಮಿಷ ಉರಿಸಿ ನೋಡಿ, ಪ್ಲಗ್ಗಿನ ಬುಡ ಬಿಸಿಯಾದರೆ ಬೇಡ ಅನ್ನಿ. ಒಂದೇ ಥರದ್ದು ಹತ್ತಿಪ್ಪತ್ತು ಬೇಕಾದಾಗ, ಅಂದರೆ ಸಂಡೇ ಸ್ಕೂಲ್ ಬಹುಮಾನ, ಪಾದ್ರಿಮನೆಯಿಂದ ಹಂಚುವ ಟವೆಲ್ಲು ಇಂಥವಕ್ಕೆ, ಬೆಂಗಳೂರಿನ ಸಗಟು ಅಂಗಡಿ ಸರಿ. ನಾಲ್ಕು ಮನೆಯವರು ಕೂಡಿ ಒಬ್ಬರನ್ನು ಕಳಿಸಿದರೆ ಇನ್ನೂ ಸರಿ.

ಪ್ರಶ್ನೆ: ಕ್ವೈರ್‌ನ (ಚರ್ಚಿನ ಹಾಡುಗಾರರ ಗುಂಪಿನ) ಇಪ್ಪತ್ತು ಜನಕ್ಕೆ ಒಂದೇ ಬಣ್ಣದ ಅಂಗಿ. ಯಾವಾಗ ಕೊಡಬೇಕು?
— ಕೋಲಾರ

ಬಟ್ಟೆ ಇವತ್ತೇ ತನ್ನಿ. ಡಿಸೆಂಬರ್ 10 ದಾಟಿದರೆ ಟೈಲರ್‌ಗಳು ಹೊಸ ಬಟ್ಟೆ ಹಿಡಿಯುವುದು ಕಷ್ಟ, ಹಿಡಿದರೂ ಕಾಜಾ-ಗುಂಡಿಗೆ ಹೊರಗೆ ಕಳಿಸುವ ಕಡೆ ಗಾಡಿ ನಿಲ್ಲುತ್ತದೆ. ತುಂಬುತೋಳಿನ ಅಂಗಿಗೆ ಆಳಿಗೆ ಎರಡೂಕಾಲು ಮೀಟರ್ ಎಂದರೆ 45 ಮೀಟರ್. ಪೂರ್ತಿ ಒಂದೇ ತಾನಿನಲ್ಲಿ ಕತ್ತರಿಸಲು ಹೇಳಿ. ಎರಡನೇ ತಾನಿನ ಬಣ್ಣ ಅಂಗಡಿಯ ದೀಪದಲ್ಲಿ ಒಂದೇ ಥರ ಕಂಡರೂ ಬಲಿಪೀಠದ ಮುಂದೆ ಸಾಲಾಗಿ ನಿಂತಾಗ ಬೇರೆ ಕಾಣುತ್ತದೆ. ಹತ್ತಿ ಬಟ್ಟೆಯಾದರೆ ಒಂದು ರಾತ್ರಿ ನೆನೆಸಿ ಒಣಗಿಸಿಯೇ ಕೊಡಿ.

ಪ್ರಶ್ನೆ: ಗೋದಲಿಗೆ (ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿಗೆ) ರಾಗಿ ಪೈರು ಬೆಳೆಸಿದರೆ 24ಕ್ಕೆ ಸರಿಯಾಗಿ ಬರುವುದಿಲ್ಲ.
— ಮಾಲೂರು

ಚಳಿಗೆ ಮೊಳಕೆ ತಡ. ರಾಗಿಯನ್ನು ಒಂದು ರಾತ್ರಿ ನೆನೆಸಿ, ಡಿಸೆಂಬರ್ 12ರ ಹೊತ್ತಿಗೆ ಎರಡು ಇಂಚು ಮಣ್ಣಿನ ತಟ್ಟೆಯಲ್ಲಿ ಚೆಲ್ಲಿ, ರಾತ್ರಿ ಒಳಗಿಡಿ. ಮರೆತುಹೋದರೆ 16ಕ್ಕೆ ಗೋಧಿ ಹಾಕಿ, ಅದು ಬೇಗ ಏಳುತ್ತದೆ. ಒಣಹುಲ್ಲಿನ ಹತ್ತಿರ ಮೇಣದಬತ್ತಿ ಬೇಡ.

ಪ್ರಶ್ನೆ: ಬೀದಿಯಲ್ಲಿ ನಲವತ್ತು ಮನೆ, ಅರ್ಧ ಸಸ್ಯಾಹಾರಿಗಳು. ತಟ್ಟೆಯಲ್ಲಿ ಏನು, ಎಷ್ಟು ಕೊಡುವುದು?
— ಮುಳಬಾಗಿಲು

ಎಲ್ಲರಿಗೂ ಒಂದೇ ತಟ್ಟೆ ಆಗುವಂತೆ ಮಾಡಿದರೆ ಚೆಂದ. ‘ಇದು ನಿಮಗೆ, ಅದು ಅವರಿಗೆ’ ಅನ್ನುವ ಮುಜುಗರ ತಪ್ಪುತ್ತದೆ. ಮೊಟ್ಟೆಯಿಲ್ಲದ ಕಲ್‌ಕಲ್ (ಸುರುಳಿ ಸುತ್ತಿ ಕರಿದ ಸಿಹಿ ತಿಂಡಿ), ಕರ್ಜಿಕಾಯಿ, ಎರಡು ಬಾಳೆಹಣ್ಣು. ಮನೆಗೆ 100 ಗ್ರಾಂ ಕಲ್‌ಕಲ್ ಅಂದರೆ ನಾಲ್ಕು ಕಿಲೋ. ಅದಕ್ಕೆ ಮೈದಾ ಎರಡೂವರೆ ಕಿಲೋ, ಸಕ್ಕರೆ ಮುಕ್ಕಾಲು ಕಿಲೋ, ಕಲಸಲು ತೆಂಗಿನಹಾಲು. ಫೋರ್ಕಿನ ಬೆನ್ನ ಮೇಲೆ ಒತ್ತಿ ಸುರುಳಿ ಸುತ್ತಲು ನಾಲ್ಕು ಕೈಗಳಿಗೆ ಒಂದು ಸಂಜೆ ಹಿಡಿಯುತ್ತದೆ, ಅಕ್ಕಪಕ್ಕದವರನ್ನೂ ಕರೆಯಿರಿ. ಹೊಸ ಎಣ್ಣೆಯಲ್ಲಿ ಮೊದಲು ಇವನ್ನು ಕರಿದು, ಮೊಟ್ಟೆ ಹಾಕಿದ್ದು, ಮಾಂಸದ್ದು ಆಮೇಲೆ. ಈ ಕ್ರಮ ತಿರುಗಮುರುಗ ಆಗಬಾರದು, ನಂಬಿ ತಿನ್ನುವವರ ವಿಷಯ ಅದು.

ಪ್ರಶ್ನೆ: ಕ್ಯಾರೋಲ್‌ಗೆ ಕ್ರಿಸ್‌ಮಸ್ ಹಾಡು ಹಾಡುತ್ತಾ ಮನೆಮನೆಗೆ ಹೋಗುವಾಗ ಮೈಕ್ ಎಷ್ಟು ಹೊತ್ತಿನ ತನಕ?
— ಬಂಗಾರಪೇಟೆ

ಧ್ವನಿವರ್ಧಕ ರಾತ್ರಿ 10ರಿಂದ ಬೆಳಿಗ್ಗೆ 6ರ ತನಕ ನಿಷಿದ್ಧ. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮ ಇದು. ಹಗಲಲ್ಲಿ ಬಳಸಲೂ ಮೊದಲೇ ಲಿಖಿತ ಅನುಮತಿ ಬೇಕು. ಗಿಟಾರು, ಡೋಲು, ಹತ್ತು ಗಂಟಲು ಇದ್ದರೆ ಒಂದು ಬೀದಿಗೆ ಮೈಕೇ ಬೇಕಾಗುವುದಿಲ್ಲ. ದೂರದ ಮನೆಗಳಿಂದ ಶುರುಮಾಡಿ ಚರ್ಚಿನ ಕಡೆಗೆ ಬನ್ನಿ, ಮಕ್ಕಳು ಬೇಗ ಮನೆ ಸೇರುತ್ತಾರೆ.