ಗಣಿ ಮತ್ತೆ ಓಪನ್ ಆಗುತ್ತೆ ಅಂತ ಕೆಜಿಎಫ್‌ನ ಹಳೇ ಕ್ವಾರ್ಟರ್ಸ್‌ಗೆ ದುಡ್ಡು ಹಾಕಬಹುದಾ?
ಬೆಂಗಳೂರಲ್ಲಿ ಬಾಡಿಗೆ ಕಟ್ಟಿ ಸಾಕಾಯ್ತು, ಅಪ್ಪನ ಕ್ವಾರ್ಟರ್ಸ್ ರಿಪೇರಿ ಮಾಡಿಸಿ ಇಟ್ಕೊಂಡ್ರೆ ಗಣಿ ತೆರೆದಾಗ ರೇಟ್ ಬರುತ್ತೆ ಅಂತೀರಲ್ಲ, ಇದೇ ಮಾತು 2001ರಲ್ಲಿ ನಮ್ಮನೇಲೂ ಆಗಿತ್ತು.

ನಮ್ಮಪ್ಪ ಕೆಜಿಎಫ್‌ನ ಚಾಂಪಿಯನ್ ರೀಫ್ಸ್ ಗಣೀಲಿ ಅಂಡರ್‌ಗ್ರೌಂಡ್ ಕೆಲಸದಲ್ಲಿದ್ರು. ಆ ವರ್ಷ ಫೆಬ್ರವರಿ 28ಕ್ಕೆ ಗಣಿ ನಡೆಸ್ತಿದ್ದ ಸರ್ಕಾರಿ ಕಂಪನಿ ಬಿಜಿಎಂಎಲ್ (ಭಾರತ್ ಗೋಲ್ಡ್ ಮೈನ್ಸ್) ಮುಚ್ತು, ಕೈಗೆ ಸ್ವಲ್ಪ ದುಡ್ಡು ಬಂತು. ಪಕ್ಕದ ಲೈನಿನವರು ಕೆ.ಆರ್.ಪುರಂ ಕಡೆ ಸೈಟ್ ನೋಡೋಕೆ ಹೋದ್ರು. ನಾವು ಕ್ವಾರ್ಟರ್ಸ್ ಮುಂದೆ ಒಂದು ರೂಮ್ ಎಳೆದು, ಶೀಟ್ ತೆಗೆದು ಮೋಲ್ಡ್ ಹಾಕಿಸಿ, ನೆಲಕ್ಕೆ ಮೊಸಾಯಿಕ್ ಕೂಡ ಹಾಕಿಸಿದ್ವಿ. ಆ ಮನೆ ನಮ್ಮ ಹೆಸರಲ್ಲಿ ಇರಲೇ ಇಲ್ಲ ಕಣ್ರೀ! ಜಾಗ ಕಂಪನೀದು. ಪತ್ರ ಇಲ್ಲ ಅಂದ್ರೆ ಬ್ಯಾಂಕ್ ಲೋನ್ ಇಲ್ಲ, ಮಾರೋಕಾಗಲ್ಲ, ಅಡ ಇಡೋಕೂ ಆಗಲ್ಲ. ಅಮ್ಮ ಹೇಳಿದ್ರು, ನಾನೇ ಓದಿದವನ ಥರ ವಾದ ಮಾಡಿದೆ.

ನನ್ನ ವಾದ ಏನಪ್ಪಾ ಅಂದ್ರೆ, ಈ ಊರನ್ನ ಯಾರೂ ಕೈಬಿಡಲ್ಲ ಅಂತ. 1880ರಲ್ಲಿ ಜಾನ್ ಟೇಲರ್ ಕಂಪನಿ ಬಂತು, 1956ರಲ್ಲಿ ಮೈಸೂರು ಸರ್ಕಾರ ತಗೊಂಡ್ತು, 1962ರಲ್ಲಿ ಕೇಂದ್ರ, 1972ರಲ್ಲಿ ಬಿಜಿಎಂಎಲ್, ಪ್ರತಿ ಸಲ ಬೋರ್ಡ್ ಬದಲಾಯ್ತೇ ಹೊರತು ಸೈರನ್ ನಿಲ್ಲಲಿಲ್ಲ. 1902ರಲ್ಲೇ ಶಿವನಸಮುದ್ರದಿಂದ ಕರೆಂಟ್ ಬಂದ ಊರು, ಬೆಂಗಳೂರಿಗೆ ಬಂದಿದ್ದು 1905ರಲ್ಲಿ, ಇದನ್ನಂತೂ ನಾವು ಎಲ್ಲರ ಹತ್ರಾನೂ ಕೊಚ್ಚಿಕೊಳ್ತಿದ್ವಿ. ಆದರೆ ಮಾಲೀಕರು ಬದಲಾದರೂ ಅಗೀತಿದ್ದಿದ್ದು ಅದೇ ಅದಿರನ್ನ. ಕೊನೆಗೆ ಮೂರು ಕಿಲೋಮೀಟರಿಗಿಂತ ಕೆಳಗೆ ಇಳಿಬೇಕಿತ್ತು, ಅಲ್ಲಿ ಬಂಡೆ ಕಾದಿರುತ್ತೆ, ತಣ್ಣನೆ ಗಾಳಿ ತಳ್ಳಬೇಕು, ನೀರು ಪಂಪ್ ಮಾಡ್ತಾನೇ ಇರಬೇಕು, ಒಂದೊಂದು ಸಲ ಬಂಡೆ ತಾನಾಗೇ ಸಿಡಿಯುತ್ತೆ. ಇಷ್ಟೆಲ್ಲಾ ಮಾಡಿ ಒಂದು ಟನ್ ಕಲ್ಲು ಮೇಲೆ ತಂದ್ರೆ ಸಿಗೋದು ಕೆಲವೇ ಗ್ರಾಂ. ಸಿಗೋ ಚಿನ್ನಕ್ಕಿಂತ ತೆಗೆಯೋ ಖರ್ಚೇ ಜಾಸ್ತಿ ಆಗೋಗಿತ್ತು. ಅಪ್ಪನಿಗೆ ಇದು ಗೊತ್ತಿತ್ತು ಅನ್ಸುತ್ತೆ, ಬಾಯಿ ಬಿಡಲಿಲ್ಲ ಅಷ್ಟೇ.

ನೀವು ಓದಿರೋ ನ್ಯೂಸ್ ಬಹುಶಃ 2024ರದ್ದು. ಆಗ ರಾಜ್ಯ ಸಂಪುಟ ಒಪ್ಪಿದ್ದು ಸೈನೈಡ್ ದಿಬ್ಬಗಳಿಂದ, ಅಂದ್ರೆ ಚಿನ್ನ ತೆಗೆದು ಹೊರಗೆ ಸುರಿದಿರೋ ಪುಡಿ ಗುಡ್ಡೆಗಳಿಂದ, ಉಳಿದ ಚಿನ್ನ ತೆಗೆಯೋಕೆ, ಶಾಫ್ಟ್ ಒಳಗೆ ಇಳಿಯೋಕಲ್ಲ. ಅದೇ ದಿಬ್ಬ, ಗಾಳಿ ಬೀಸಿದ್ರೆ ಒಣಗಾಕಿರೋ ಬಟ್ಟೆ ಮೇಲೆಲ್ಲ ಬೂದಿ ಬಣ್ಣದ ಪುಡಿ ಕೂರೋದು, ಅಮ್ಮ ಕೊಡವಿ ಕೊಡವಿ ಮತ್ತೆ ನೀರಿಗೆ ಹಾಕೋರು. ಅದನ್ನ ಮೆಷಿನ್ನಲ್ಲಿ ತೋಡಿದ್ರೆ ನಮ್ಮ ಕಾಲದ ಥರ ಸಾವಿರಾರು ಜನಕ್ಕೆ ಕೆಲಸ ಸಿಗುತ್ತೆ ಅಂತ ನಾನಂತೂ ನಂಬಲ್ಲ.

ಇನ್ನೊಂದು, ನಿಮ್ಮ ಲೆಕ್ಕಾನೇ ತಲೆಕೆಳಗಾಗಿದೆ. ಕೆಜಿಎಫ್‌ನ ಇವತ್ತು ಸಾಕ್ತಿರೋದು ಚಿನ್ನ ಅಲ್ಲ, ಮಾರಿಕುಪ್ಪಂ ಟ್ರೇನು. ಬೆಳಗಿನ ಜಾವ ಟವೆಲ್ ಹಾಕಿ ಸೀಟ್ ಹಿಡಿದು, ಅರ್ಧ ನಿದ್ದೇಲಿ ಬೆಂಗಳೂರು ಕಂಟೋನ್ಮೆಂಟಲ್ಲಿ ಇಳಿದು, ರಾತ್ರಿ ವಾಪಸ್ ಹೋಗೋ ಜನದ ಸಂಬಳದ ಮೇಲೆ ರಾಬರ್ಟ್‌ಸನ್‌ಪೇಟೆ ಅಂಗಡಿಗಳು ನಡೀತಿವೆ. ನಾನೂ ವರ್ಷಗಟ್ಟಲೆ ಹಾಗೇ ಓಡಾಡಿ, ಆಮೇಲೆ ಕೆ.ಆರ್.ಪುರಂಗೆ ಬಾಡಿಗೆಗೆ ಬಂದೆ, ಅದೇ ನಾವು ಸೈಟ್ ಬೇಡ ಅಂದಿದ್ದ ಏರಿಯಾ. ಈಗ ರೇಟ್ ಕೇಳಿದ್ರೆ ಎದೆ ಉರಿಯುತ್ತೆ.

ಅಪ್ಪ ಅಮ್ಮ ಅಲ್ಲೇ ಇದ್ರೆ ಸೋರೋದು ನಿಲ್ಲಿಸಿ, ಬಾತ್ರೂಮ್ ಸರಿ ಮಾಡಿಸಿ, ಸಾಕು. ಹಕ್ಕುಪತ್ರ ನಿಮ್ಮ ಹೆಸರಿಗೆ ಬರೋವರೆಗೂ ಅದರಾಚೆ ಒಂದು ಇಟ್ಟಿಗೆನೂ ಬೇಡ. ಬ್ರೋಕರ್ ಯಾರಾದ್ರೂ ಜೆರಾಕ್ಸ್ ತೋರಿಸಿ ಅಡ್ವಾನ್ಸ್ ಕೇಳಿದ್ರೆ, ಮೊದಲು ಸಬ್ ರಿಜಿಸ್ಟ್ರಾರ್ ಆಫೀಸಲ್ಲಿ ಇಸಿ (ಆಸ್ತಿ ಮೇಲಿನ ಮಾರಾಟ, ಸಾಲದ ದಾಖಲೆ ತೋರಿಸೋ ಪತ್ರ) ತೆಗೆಸಿ ನೋಡಿ.